ಏಳನೆಯ ನಂಬರಿನ ಕತ್ತೆ

ನಾನು ಒಂದು ಕತ್ತೆ. ಹುಲ್ಲು ತಿನ್ನುವುದಿಲ್ಲ, ಒದರುವುದಿಲ್ಲ, ಯಾರನ್ನೂ ಒದ್ದಿಲ್ಲ. ಚಿತ್ರಕಲೆ ಕಲಿಸುವ ಕಡೆ ಮೋಟು ಕಾಲಿನ, ಉದ್ದನೆಯ ಒಂದು ಮರದ ಮಣೆ ಇರುತ್ತದೆ. ಸವಾರಿ ಹೊರಟವರಂತೆ ಅದರ ಎರಡೂ ಬದಿಗೆ ಕಾಲು ಹಾಕಿ ಕುಳಿತು, ಮುಂದೆ ಎದ್ದು ನಿಂತ ಹಲಗೆಗೆ ಡ್ರಾಯಿಂಗ್ ಬೋರ್ಡು ಒರಗಿಸಿ ಚಿತ್ರ ಬರೆಯುತ್ತಾರೆ. ಆ ಮಣೆಗೆ ಮೊದಲಿನಿಂದಲೂ ಡಾಂಕಿ ಎಂದು ಹೆಸರು. ನಮ್ಮ ಹುಡುಗರು ಅದನ್ನು ಕನ್ನಡ ಮಾಡಿಕೊಂಡು ಕತ್ತೆ ಎಂದರು. ಬೇಸರಪಟ್ಟುಕೊಳ್ಳಲು ನನಗೆ ಪುರಸೊತ್ತು ಸಿಗಲಿಲ್ಲ.

ನಾನು ಹುಟ್ಟಿದ್ದು ಹಳೇ ಹುಬ್ಬಳ್ಳಿಯಲ್ಲಿ, ಮೌನೇಶಪ್ಪ ಬಡಿಗೇರರ ಕೈಯಲ್ಲಿ. ಊರಾಚೆ ಹೊಸದಾಗಿ ಶುರುವಾಗಿದ್ದ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗಕ್ಕೆ ನಮ್ಮಂಥ ಹನ್ನೆರಡು ಬೇಕಾಗಿದ್ದವು. ಮೌನೇಶಪ್ಪ ಬಾಗಿಲು ಮಾಡಿದ್ದವರು, ಕಪಾಟು ಮಾಡಿದ್ದವರು, ತೊಟ್ಟಿಲು ಮಾಡಿದ್ದವರು. ನನ್ನ ನಕ್ಷೆಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದರು. “ಇದರ ಮ್ಯಾಲ ಕುಂತು ಕಲೀತಾರಂತ. ಏನ ಕಲೀತಾರೋ ಏನೋ” ಎಂದು ನಗುತ್ತಲೇ ಸಾಗವಾನಿಗೆ ರಂದಾ ಹೊಡೆದು ನಯ ಮಾಡಿದರು. ಹನ್ನೆರಡಕ್ಕೂ ಒಂದೇ ಎತ್ತರ, ಒಂದೇ ಅಗಲ. ನನ್ನ ಬೆನ್ನಿನ ಕೆಳಗೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದರು.

ವಿಭಾಗದಲ್ಲಿ ನನ್ನ ಮೊದಲ ಹತ್ತು ಹನ್ನೆರಡು ವರ್ಷ ಶಿಸ್ತಿನಿಂದ ಕಳೆದವು. ಮಾದರಿಯಾಗಿ ಕುಳಿತವರನ್ನು ನೋಡಿ ಚಿತ್ರ ಬರೆಯುವ ಕೋಣೆಯಲ್ಲಿ ನಮ್ಮನ್ನು ಅರ್ಧಚಂದ್ರಾಕಾರವಾಗಿ ನಿಲ್ಲಿಸುತ್ತಿದ್ದರು. ನನ್ನ ಮೇಲೆ ಮೊದಲು ಕುಳಿತವನು ವಿರೂಪಾಕ್ಷ ಕಮ್ಮಾರ ಎಂಬ ಹುಡುಗ. ಬೆಳಿಗ್ಗೆ ಕುಳಿತರೆ ಮಧ್ಯಾಹ್ನದ ಗಂಟೆಯವರೆಗೆ ಅಲುಗುತ್ತಿರಲಿಲ್ಲ. ಅವನ ನಂತರ ಎಷ್ಟೋ ಜನ ಬಂದರು, ಬಣ್ಣ ಒರೆಸಿದರು, ಬ್ಲೇಡಿನಿಂದ ಹೆಸರು ಕೊರೆದರು, ಹೋದರು. ಅವರಲ್ಲಿ ಹೆಚ್ಚಿನವರ ಮುಖ ನನಗೆ ನೆನಪಿಲ್ಲ. ನಾನು ಜನರನ್ನು ಕೆಳಗಿನಿಂದ ಬಲ್ಲವನು. ಭಾರದಿಂದ, ತೊಡೆಯ ಬಿಗಿಯಿಂದ, ಪಾದ ಊರುವ ರೀತಿಯಿಂದ ಅವರನ್ನು ಗುರುತಿಸುತ್ತೇನೆ.

ಆಮೇಲೆ ಶಮ್‌ಶಾದ್ ನದಾಫ್ ಬಂದಳು.

ಗದಗ-ಬೆಟಗೇರಿಯ ಗಾದಿ ಮಾಡುವ ಪಿಂಜಾರರ ಮನೆಯ ಹುಡುಗಿ. ಅಪ್ಪ ದಾವಲಸಾಬ ಅರಳೆ ಹಿಂಜುವ ಮಷೀನು ನಡೆಸುತ್ತಿದ್ದ. ತಾಯಿ ಹುಸೇನಬಿ ನೆಲದ ಮೇಲೆ ಕುಳಿತು ದಬ್ಬಣದಿಂದ ಗಾದಿ ಹೊಲಿಯುತ್ತಿದ್ದಳು. ಕ್ಯಾಲೆಂಡರಿನ ಚಿತ್ರಗಳನ್ನು ಇದ್ದ ಹಾಗೇ ಹಾಳೆಗೆ ಇಳಿಸುತ್ತಾಳೆಂದು ಮಾಸ್ತರರೊಬ್ಬರು ಹಟ ಹಿಡಿದು ಅವಳನ್ನು ಇಲ್ಲಿಗೆ ಸೇರಿಸಿದ್ದರು. ಮೊದಲ ದಿನವೇ ನನಗೆ ಗೊತ್ತಾಯಿತು, ಇವಳು ಬೇರೆ. ಅವಳ ಬಲ ಮೊಣಕಾಲು ಒಂದೇ ಸಮನೆ ಅಲುಗುತ್ತಿತ್ತು. ಆ ನಡುಕ ನನ್ನ ಕಾಲುಗಳಿಗಿಳಿದು ನೆಲಕ್ಕೆ ಟಕಟಕ ಬಡಿಯುತ್ತಿತ್ತು. ಐದು ನಿಮಿಷ ಕುಳಿತರೆ ಆರನೆಯ ನಿಮಿಷಕ್ಕೆ ಎದ್ದು, ನನ್ನನ್ನು ದರದರ ಎಳೆದುಕೊಂಡು ಕೋಣೆಯ ಇನ್ನೊಂದು ಮೂಲೆಗೆ ಹೋಗುವಳು. ಅಲ್ಲಿ ನಾಲ್ಕು ಗೆರೆ ಎಳೆದು ಮತ್ತೆ ಇತ್ತ ಬರುವಳು. ಅವಳ ಹಾಳೆಯ ಮೇಲೆ ಹದಿನೈದು ಇಪ್ಪತ್ತು ಪುಟ್ಟ ಆಕೃತಿಗಳಿರುತ್ತಿದ್ದವು. ಒಂದಕ್ಕೆ ತಲೆಯಿಲ್ಲ, ಒಂದಕ್ಕೆ ಪಾದವಿಲ್ಲ.

ಚಿತ್ರ ಕಲಿಸುತ್ತಿದ್ದವರು ಹಂಚಿನಮನಿ ಸರ್. ಕೂಗಾಡುವ ಮನುಷ್ಯರಲ್ಲ, ಆದರೆ ಅವರ ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು.

“ನದಾಫ್, ನಿನ್ನ ಕತ್ತೆ ಎಷ್ಟ ಊರು ತಿರಗತೈತಿ?” ಎಂದು ಒಮ್ಮೆ ಕೇಳಿದರು. ಕೋಣೆಯೆಲ್ಲ ನಕ್ಕಿತು. “ಒಂದ ಕಡೆ ಕುಂದ್ರವಾ. ಒಂದ ಚಿತ್ರಾ ಮುಗಸು. ಮುಗಸೂದು ಕಲೀದಿದ್ರ ಉಳದದ್ದು ಕಲತೇನು ಮಾಡ್ತಿ?”

“ಹೂಂ ರಿ ಸರ್” ಎಂದಳು. ಹತ್ತು ನಿಮಿಷಕ್ಕೆ ಮತ್ತೆ ಎದ್ದಳು.

ಅವಳನ್ನು ಕುಳ್ಳಿರಗೊಡದಿದ್ದವಳು ಯಮನವ್ವ. ವಾರಕ್ಕೆ ಮೂರು ದಿನ ವಿದ್ಯಾರ್ಥಿಗಳೆದುರು ಮಾದರಿಯಾಗಿ ಕೂರಲು ಬರುತ್ತಿದ್ದ ಮುದುಕಿ ಆಕೆ. ಹತ್ತು ವರ್ಷದಿಂದ ಅದೇ ಕೆಲಸ. ಒಂದು ಅಡಿ ಎತ್ತರದ ಕಟ್ಟೆ, ಅದರ ಮೇಲೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಯಮನವ್ವ. ಮುಕ್ಕಾಲು ಗಂಟೆ ಅಲುಗದೆ ಕೂರಬೇಕು. ಎಲ್ಲರೂ ಆಕೆಯ ಮುಖದ ಸುಕ್ಕು, ಮೂಗುಬಟ್ಟು, ಕೈಯ ನರ ಬರೆಯುತ್ತಿದ್ದರು. ಶಮ್‌ಶಾದ್ ಆಕೆಯ ಬೆನ್ನ ಹಿಂದೆ ಹೋಗಿ ಕೂರುತ್ತಿದ್ದಳು.

ಒಂದು ದಿನ ವಿರಾಮದಲ್ಲಿ ಯಮನವ್ವ ಕಟ್ಟೆಯಿಂದಿಳಿದು ಇವಳ ಹಾಳೆಗೆ ಬಗ್ಗಿದಳು.

“ಎಲ್ಲಾರೂ ನನ್ನ ಮಾರಿ ತಗೀತಾರ. ನೀ ಒಬ್ಬಾಕಿ ನನ್ನ ಟೊಂಕಾ ತಗೀತಿಯಲ್ಲ ಯವ್ವಾ, ಯಾಕ?”

“ಆಯಿ, ನೀವು ನಾಕು ನಿಮಿಷಕ್ಕೊಮ್ಮೆ ಎಡಕ್ಕ ಒರಗತೀರಿ. ಆಮ್ಯಾಲ ಬಲಕ್ಕ. ಯಾರಿಗೂ ಗೊತ್ತಾಗದಂಗ. ಭಾಳ ನೋಯ್ತತೇನ್ರಿ?”

ಯಮನವ್ವ ಟೊಂಕದ ಮೇಲೆ ಕೈಯಿಟ್ಟುಕೊಂಡಳು. “ಇಷ್ಟ ವರ್ಷದಾಗ ಇದನ್ನ ಕೇಳಿದಾಕಿ ನೀನ ಮೊದಲು” ಎಂದಳು.

ಅಂದಿನಿಂದ ಶಮ್‌ಶಾದಳಿಗೆ ನೆಮ್ಮದಿಯೇ ಹೋಯಿತು. ಆಕೃತಿಗಳ ಪಕ್ಕದಲ್ಲಿ ಗಡಿಯಾರ ನೋಡಿ ಹೊತ್ತು ಬರೆಯತೊಡಗಿದಳು. ಯಮನವ್ವನ ಪಾದ ನೆಲ ಮುಟ್ಟುವುದಿಲ್ಲ, ತೊಡೆ ಜೋತು ಬೀಳುತ್ತದೆ, ಬೆನ್ನಿಗೆ ಆಸರೆಯಿಲ್ಲ. ಎರಡನೆಯ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಒಂದೇ ಒಂದು ಪೂರ್ಣ ಆಕೃತಿಯ ಚಿತ್ರ ಒಪ್ಪಿಸಬೇಕು, ಇಲ್ಲದಿದ್ದರೆ ಪಾಸಿಲ್ಲ ಎಂದು ಸರ್ ಹೇಳಿಬಿಟ್ಟಿದ್ದರು. ಶನಿವಾರ ಎಲ್ಲರೂ ಚಿತ್ರ ಮುಗಿಸಲು ಕುಳಿತರೆ, ಅವಳು ನನ್ನನ್ನು ಎತ್ತಿಕೊಂಡು ಶಿಲ್ಪ ವಿಭಾಗದ ಶೆಡ್ಡಿಗೆ ಹೋದಳು. ಯಾರನ್ನೂ ಕೇಳಲಿಲ್ಲ.

ಗರಗಸ ಇಟ್ಟಾಗ ನೋಯಿತೇ ಎಂದು ಕೇಳಬೇಡಿ. ಹೆದರಿಕೆಯಂತೂ ಆಯಿತು. ನನ್ನ ನಾಲ್ಕೂ ಕಾಲುಗಳನ್ನು ಅವಳು ನಾಲ್ಕು ಬೆರಳಷ್ಟು ಕೊಯ್ದಳು. ಎದ್ದು ನಿಂತ ಹಲಗೆಯನ್ನು ಕಿತ್ತು, ಓರೆಯಾಗಿ ಮತ್ತೆ ಹೊಡೆದು ಬೆನ್ನಿಗೆ ಆಸರೆ ಮಾಡಿದಳು. ಊರಿಂದ ತಂದಿದ್ದ ಅರಳೆ ತುಂಬಿ, ದಪ್ಪ ಬಟ್ಟೆ ಹೊದಿಸಿ ಹೊಲಿದಳು. ಅಳತೆಯೆಲ್ಲ ಕಣ್ಣಳತೆ. ಹಿಂದಿನ ಎಡಗಾಲು ಕೂದಲೆಳೆಗಿಂತ ತುಸು ಹೆಚ್ಚೇ ಗಿಡ್ಡವಾಯಿತು. ಸೋಮವಾರ ಬೆಳಿಗ್ಗೆ ನೋಡಿದಳು, ನಾನು ಕುಂಟುತ್ತಿದ್ದೆ. ತರಗತಿಯ ಗಂಟೆ ಹೊಡೆದಿತ್ತು. ಆಮೇಲೆ ಸರಿ ಮಾಡಿದರಾಯಿತೆಂದು ಕಾಗದ ಮಡಚಿ ಆ ಕಾಲಿನಡಿ ಇಟ್ಟಳು.

ಸರ್ ಬರುವ ಮೊದಲೇ ಪೆಟ್ಟಿಗೆ ತೆಗೆದು ನನ್ನನ್ನು ಕಟ್ಟೆಯ ಮೇಲೆ ಇಟ್ಟಿದ್ದಳು. ಯಮನವ್ವ ಕುಳಿತಳು, ಹಿಂದಕ್ಕೆ ಒರಗಿದಳು, “ಹಾ” ಎಂದು ಉಸಿರು ಬಿಟ್ಟಳು. ಇಡೀ ತರಗತಿಗೆ ಕೇಳುವಂಥ ಉಸಿರು. ಅರ್ಧ ಗಂಟೆ ಒಂದು ಸಲವೂ ಅತ್ತಿತ್ತ ಒರಗಲಿಲ್ಲ. ಶಮ್‌ಶಾದ್ ಕೂಡ ಅಂದು ಬೇರೆ ಕತ್ತೆಯ ಮೇಲೆ ಅಲುಗದೆ ಕುಳಿತಿದ್ದಳು. ಅವಳ ಪೆನ್ಸಿಲ್ ಓಡುವುದನ್ನು ನಾನು ಕಟ್ಟೆಯ ಮೇಲಿಂದ ಕಂಡೆ. ಆಮೇಲೆ ಯಮನವ್ವ ಸೆರಗು ಸರಿಮಾಡಿಕೊಳ್ಳಲು ತುಸು ಹೊರಳಿದಳು. ಕಾಗದ ಜಾರಿತು. ನಾನು ವಾಲಿದೆ.

ನಿಲ್ಲಲು ನನ್ನಿಂದ ಆಗಲಿಲ್ಲ. ಕಟ್ಟೆಯ ಅಂಚಿನಿಂದ ಇಬ್ಬರೂ ಕೆಳಗೆ ಬಿದ್ದೆವು. ಯಮನವ್ವ ಬಲಗೈ ಊರಿದಳು. ಮಣಿಕಟ್ಟು ಮುರಿದ ಸದ್ದು, ಒಣಗಿದ ರೆಂಬೆ ಮುರಿದಂತೆ, ನನಗೆ ಸ್ಪಷ್ಟವಾಗಿ ಕೇಳಿಸಿತು.

ಸರ್ ತಮ್ಮ ಕಾರಿನಲ್ಲೇ ಆಕೆಯನ್ನು ದವಾಖಾನೆಗೆ ಕರೆದೊಯ್ದರು. ಮರುದಿನ ಅವರ ಕೋಣೆಯಲ್ಲಿ ವಿಚಾರಣೆ. ಸಾಕ್ಷಿಯಾಗಿ ನನ್ನನ್ನೂ ತಂದು ನಿಲ್ಲಿಸಿದ್ದರು. ಸ್ಟೋರು ನೋಡಿಕೊಳ್ಳುವ ಕಲ್ಲಯ್ಯನವರು ನನ್ನ ಕಾಲು ತೋರಿಸಿ, “ಸರಕಾರಿ ಸಾಮಾನು ಕೊಯ್ದಾಳ್ರಿ. ಇವತ್ತು ಕತ್ತೆ, ನಾಳೆ ಬಾಗಿಲಾ” ಎಂದರು.

“ಯಾಕ ಮಾಡಿದಿ?” ಸರ್ ಕೇಳಿದರು.

ಶಮ್‌ಶಾದ್ ಚೀಲದಿಂದ ಹಾಳೆಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಸರ್ ಒಂದೊಂದೇ ತಿರುವಿದರು. ಬೆನ್ನು, ಟೊಂಕ, ಜೋತುಬಿದ್ದ ಪಾದ, ಪಕ್ಕದಲ್ಲಿ ಹೊತ್ತು. ಬಹಳ ಹೊತ್ತು ನೋಡಿದರು.

“ನೀ ನೋಡಿದ್ದು ಖರೇ ಐತಿ” ಎಂದರು. “ಆದ್ರ ಇದ್ರಾಗ ಒಂದಾದರೂ ಪೂರ್ತಿ ಐತೇನು?”

“ಇಲ್ರಿ.”

“ಆ ಕಾಲೂ ನೀ ಪೂರ್ತಿ ಮಾಡಲಿಲ್ಲ.”

ಅವಳ ಮೊಣಕಾಲು ಅಲುಗುವುದು ನಿಂತಿತು. ಅಷ್ಟು ಸ್ತಬ್ಧಳಾಗಿ ಅವಳು ನಿಂತದ್ದನ್ನು ನಾನು ನೋಡಿರಲಿಲ್ಲ. ನೋಡಲು ಇಷ್ಟವೂ ಆಗಲಿಲ್ಲ.

ಆ ವರ್ಷ ಅವಳು ಫೇಲಾದಳು. ನನ್ನನ್ನು ಗುಜರಿಗೆಂದು ಬರೆದು ಹಿತ್ತಲಿಗೆ ಎಸೆದರು. ತುಕ್ಕು ಹಿಡಿದ ಫ್ಯಾನಿನ ರೆಕ್ಕೆಗಳ ನಡುವೆ ಬಿಸಿಲು ಕಾಯುತ್ತ ಬಿದ್ದಿದ್ದೆ. ಇಪ್ಪತ್ತು ದಿನಕ್ಕೆ ಇಬ್ಬರ ಹೆಜ್ಜೆ ಕೇಳಿತು. ಸರ್ ಮುಂದೆ, ಶಮ್‌ಶಾದ್ ಹಿಂದೆ.

“ಅಪ್ಪಾ ಓದು ಸಾಕು ಅಂತಾನ್ರಿ” ಎನ್ನುತ್ತಿದ್ದಳು.

“ನೀ ಏನಂತಿ?”

ಅವಳು ಬಗ್ಗಿ ನನ್ನ ಗಿಡ್ಡ ಕಾಲು ಮುಟ್ಟಿ ನೋಡಿದಳು. ಸರ್ ನನ್ನನ್ನು ಕಾಲಿನಿಂದ ಸರಿಸಿದರು. “ಇದರ ಗುಜರಿ ಕಾಗದಕ್ಕ ನಾ ಸಹಿ ಮಾಡೇನಿ. ತಗೊಂಡ ಹೋಗು. ಚಿತ್ರಕಲಾ ಬಿಟ್ಟು ಡಿಸೈನ್ ವಿಭಾಗಕ್ಕ ಅರ್ಜಿ ಹಾಕು, ನಾ ಹೇಳತೀನಿ. ಆದ್ರ ಒಂದು, ಬರೂ ವರ್ಷ ಇದನ್ನ ಮುಗಿಸಿ ತರಬೇಕು. ಅದಕ್ಕ ಮೊದಲು ಆ ಮುದುಕಿನ್ನ ನೋಡಿ ಬಾ.”

ಆಟೋದ ಹಿಂದೆ ನನ್ನನ್ನು ಕಟ್ಟಿಕೊಂಡು ಅವಳು ನೇರ ಯಮನವ್ವನ ಮನೆಗೆ ಹೋದಳು. ಯಮನವ್ವ ಪ್ಲಾಸ್ಟರ್ ಹಾಕಿದ ಕೈ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕುಳಿತಿದ್ದಳು. ನನ್ನನ್ನು ಕಂಡವಳೇ, “ಅದನ್ಯಾಕ ತಂದಿ? ಇನ್ನೊಂದ ಕೈ ಮುರೀಲಿಕ್ಕೇನು?” ಎಂದಳು.

ಶಮ್‌ಶಾದ್ ಅಲ್ಲೇ ನೆಲಕ್ಕೆ ಕುಸಿದು ಅಳತೊಡಗಿದಳು.

“ಬಿದ್ದಾಕಿ ನಾನು, ಅಳಾಕಿ ನೀನು? ಛಲೋ ಆತಿದು. ಏಳು, ಕೊಡದಾಗ ನೀರೈತಿ, ಮಾರಿ ತೊಳಕೋ.”

ಮುಖ ತೊಳೆದು ಬಂದ ಮೇಲೆ ಶಮ್‌ಶಾದ್ ತಡವರಿಸುತ್ತ ಕೇಳಿದಳು. “ಆಯಿ, ಬೀಳೂಕಿಂತ ಮೊದಲು... ಹೆಂಗಿತ್ರಿ?”

ಯಮನವ್ವ ಅವಳನ್ನು ದಿಟ್ಟಿಸಿದಳು. ಬೈಯುತ್ತಾಳೆಂದುಕೊಂಡೆ. ಆಕೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

“ಬೀಳೂತನಕ ಭಾಳ ಛಲೋ ಇತ್ತು ನೋಡು. ಟೊಂಕಾ ಅನ್ನೂದು ಐತಿ ಅನ್ನೂದ ಮರತಿದ್ದೆ.”

ಬೆಟಗೇರಿಯಲ್ಲಿ ನನಗೆ ಆ ವರ್ಷವಿಡೀ ವಿಶ್ರಾಂತಿ ಸಿಗಲಿಲ್ಲ. ಶಮ್‌ಶಾದ್ ಡಿಸೈನ್ ವಿಭಾಗ ಸೇರಿದ್ದಳು. ರಜೆಗೆ ಬಂದಾಗಲೆಲ್ಲ ಒಂದು ಕಾಲು ಕಳಚುವುದು, ಹೊಸ ತುಂಡು ಜೋಡಿಸುವುದು, ಅರಳೆ ಬಿಚ್ಚಿ ಮತ್ತೆ ತುಂಬುವುದು. ಈಗ ಎಲ್ಲಕ್ಕೂ ಪಟ್ಟಿ ಹಿಡಿದು ಅಳತೆ. ದಾವಲಸಾಬ ಮೊದಮೊದಲು ಮಾತೇ ಆಡಲಿಲ್ಲ. ಒಂದು ಸಂಜೆ ಮಗಳು ಆಸನದ ಅಂಚಿಗೆ ಅರಳೆ ತುರುಕುವುದನ್ನು ನೋಡಲಾಗದೆ, “ಹಂಗ ತುಂಬಿದ್ರ ಆರ ತಿಂಗಳಿಗೆ ಗಂಟು ಕಟ್ಟತೈತಿ” ಎಂದು ಕಸಿದುಕೊಂಡು ತಾನೇ ತುಂಬಿದ. ಓದು ಸಾಕೆಂಬ ಮಾತು ಆಮೇಲೆ ಆ ಮನೆಯಲ್ಲಿ ಕೇಳಲಿಲ್ಲ. ಪ್ರತಿ ಸಲ ಕುಳಿತು ನೋಡುವ ಕೆಲಸ ಹುಸೇನಬಿಯದು. “ಇನ್ನೂ ತುಸು ತಗ್ಗು”, “ಬೆನ್ನಿಗೆ ಚುಚ್ಚತೈತಿ” ಎಂದು ಹೇಳುತ್ತಲೇ ಆಕೆ ಗಾದಿ ಹೊಲಿಯುತ್ತಿದ್ದಳು.

ನನ್ನ ಮೇಲೆ ಪ್ರಯೋಗ ಮಾಡಿ ಕಲಿತದ್ದನ್ನೆಲ್ಲ ಸೇರಿಸಿ ಅವಳು ಹೊಸದೊಂದು ಆಸನ ಮಾಡಿದಳು. ಪರೀಕ್ಷೆಯ ದಿನ ಅದನ್ನು ಹಳೆಯ ಕೋಣೆಯ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ನನ್ನನ್ನೂ ಇಟ್ಟಿದ್ದಳು, ಎಲ್ಲ ಗಾಯಗಳೊಂದಿಗೆ. ಪರೀಕ್ಷೆಗೆ ಹೊರಗಿನಿಂದ ಮೈಸೂರು ಕಡೆಯ ಮೇಡಂ ಒಬ್ಬರು ಬಂದಿದ್ದರು. ಯಮನವ್ವ ಬರುತ್ತಾಳೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ. ಶಮ್‌ಶಾದ್ ಕಿಟಕಿಗೂ ಬಾಗಿಲಿಗೂ ಅಲೆಯುತ್ತಿದ್ದಳು. ಹನ್ನೊಂದಕ್ಕೆ ಯಮನವ್ವ ಬಂದಳು. ಆಸನವನ್ನು ಎಡಗೈಯಿಂದ ಹಿಡಿದು ಗಟ್ಟಿಯಾಗಿ ಅಲುಗಾಡಿಸಿದಳು. ಮತ್ತೊಮ್ಮೆ ಅಲುಗಾಡಿಸಿದಳು. ಆಮೇಲೆ ಕುಳಿತಳು.

ಮುಕ್ಕಾಲು ಗಂಟೆ. ಹಂಚಿನಮನಿ ಸರ್ ಗಡಿಯಾರ ನೋಡುತ್ತಿದ್ದರು, ಶಮ್‌ಶಾದ್ ಯಮನವ್ವನ ಬೆನ್ನು ನೋಡುತ್ತಿದ್ದಳು. ಆಕೆ ಎಡಕ್ಕೂ ಒರಗಲಿಲ್ಲ, ಬಲಕ್ಕೂ ಒರಗಲಿಲ್ಲ.

“ಹೇಗಿದೆ ಅಮ್ಮಾ?” ಎಂದು ಮೇಡಂ ಕೇಳಿದರು.

“ಹೋದ ಸರ್ತಿ ಕೆಡವಿತ್ರಿ. ಈ ಸರ್ತಿ ಕೆಡವಲಿಲ್ಲ.”

ಶಮ್‌ಶಾದ್ ಪಾಸಾದಳು. ಆ ಆಸನ ಕಟ್ಟೆಯ ಮೇಲೆಯೇ ಉಳಿಯಿತು. ಕಲ್ಲಯ್ಯನವರು ಅದಕ್ಕೊಂದು ನಂಬರು ಹಾಕಿದರು. ಆದರೆ ಯಮನವ್ವನ ಮಣಿಕಟ್ಟು ಪೂರ್ತಿ ನೆಟ್ಟಗಾಗಲಿಲ್ಲ. ಅಂದು ಏಳುವಾಗ ಆಕೆ ಎಡಗೈಯಿಂದಲೇ ಸೆರಗು ಸಿಕ್ಕಿಸಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಶಮ್‌ಶಾದ್ ಆ ಕೈಯನ್ನೇ ನೋಡುತ್ತಿದ್ದಳು. ಆ ನೋಟ ಅವಳನ್ನು ಬಿಟ್ಟಿಲ್ಲವೆಂದು ನನಗೆ ಗೊತ್ತು. ಈಗ ಅವಳು ಹುಬ್ಬಳ್ಳಿಯಲ್ಲಿ, ಕೂತು ಕೆಲಸ ಮಾಡುವವರಿಗೆಂದೇ ಆಸನ ಮಾಡುವ ಚಿಕ್ಕ ಕಾರ್ಖಾನೆ ನಡೆಸುತ್ತಾಳೆ. ಯಾವುದೇ ಆಸನ ಹೊರಗೆ ಹೋಗುವ ಮುನ್ನ ಅದರ ನಾಲ್ಕೂ ಕಾಲನ್ನು ತಾನೇ ಒತ್ತಿ ನೋಡುತ್ತಾಳಂತೆ.

ನಾನು ಬೆಟಗೇರಿಯ ಗಾದಿ ಅಂಗಡಿಯ ಮೂಲೆಯಲ್ಲಿದ್ದೇನೆ. ನನ್ನ ನಾಲ್ಕು ಕಾಲುಗಳಲ್ಲಿ ಒಂದೇ ಸಾಗವಾನಿ. ಉಳಿದವು ಬೇವು, ಮತ್ತಿ, ಯಾವುದೋ ಹಳೆಯ ಮಂಚದ ತುಂಡು. ಮೈತುಂಬ ಅರಳೆಯ ಧೂಳು. ನನ್ನ ಜೊತೆ ಹುಟ್ಟಿದ ಹನ್ನೊಂದು ಇನ್ನೂ ಅದೇ ಕೋಣೆಯಲ್ಲಿ ಒಂದೇ ಎತ್ತರಕ್ಕೆ ಸಾಲಾಗಿ ನಿಂತಿರಬಹುದು. ಅವುಗಳ ಮೇಲೆ ಒಳ್ಳೆಯ ಚಿತ್ರಗಳು ಮುಗಿದಿರಬಹುದು. ನನಗೆ ಹೊಟ್ಟೆಕಿಚ್ಚಿಲ್ಲ. ಅಲುಗದೆ ಇರಲೆಂದು ನನ್ನನ್ನು ಮಾಡಿದರು, ಅಲುಗದೆ ಇರಲಾಗದವಳ ಕೈಗೆ ನಾನು ಸಿಕ್ಕೆ. ಒಂದು ಸಲ ತಪ್ಪಿ ವಾಲಿದ್ದನ್ನು ನಾನೂ ಮರೆತಿಲ್ಲ.

ದಿನವೂ ಹುಸೇನಬಿ ನನ್ನ ಮೇಲೆ ಕುಳಿತು ಗಾದಿ ಹೊಲಿಯುತ್ತಾಳೆ. ಹೋದ ಭಾನುವಾರ ಶಮ್‌ಶಾದ್ ಬಂದಿದ್ದಳು. ಚಹಾ ಕುಡಿಯುತ್ತ ತಾಯಿಯ ಬೆನ್ನು ನೋಡುತ್ತಿದ್ದವಳು ಕಪ್ಪು ಕೆಳಗಿಟ್ಟು, ಕಿವಿಯ ಮೇಲಿನ ಪೆನ್ಸಿಲ್ ತೆಗೆದಳು.

“ಏಳಂಗಿಲ್ಲ ನಾನು” ಎಂದಳು ಹುಸೇನಬಿ, ದಬ್ಬಣ ನಿಲ್ಲಿಸದೆ. “ಎಷ್ಟಂತ ಕೊಯ್ತಿ ಅದನ್ನ? ಈಗ ಛಲೋ ಐತಿ.”

“ಛಲೋ ಐತವ್ವಾ. ಇನ್ನಾ ತುಸು ಛಲೋ ಆಗತೈತಿ.”

ಬಗ್ಗಿ ನನ್ನ ಕಾಲಿನ ಮೇಲೆ ಒಂದು ಸಣ್ಣ ಗೆರೆ ಎಳೆದಳು. ಪಟ್ಟಿ ಹಿಡಿದು ಎರಡು ಸಲ ಅಳೆದಳು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ಗೆರೆ ಹಾಗೇ ಇದೆ, ಗರಗಸಕ್ಕೆ ಕಾಯುತ್ತ.