ಮೂರನೇ ಪ್ರಶ್ನೆಯ ಸುಳ್ಳು

ತಪ್ಪು, ಎಂದಿತು ಕಂಪ್ಯೂಟರ್. ದೋಷ ಗಾಜಿನದ್ದೇ ಎಂಬಂತೆ ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ನೆನಪಿದೆ ಎಂದುಕೊಂಡಿದ್ದ ಪಾಸ್‌ವರ್ಡನ್ನೇ ಮತ್ತೆ ಒಂದೊಂದೇ ಅಕ್ಷರವಾಗಿ ಒತ್ತಿದ. ತಪ್ಪು.

ನಿನ್ನೆ ಸಂಜೆಯಷ್ಟೇ ಬದಲಾಯಿಸಿದ್ದ. ಆಗಾಗ ಬದಲಾಯಿಸಬೇಕು, ಎಲ್ಲೂ ಬರೆದಿಡಬಾರದು, ಯಾರಿಗೂ ಹೇಳಬಾರದು. ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದ್ದ. ನಿದ್ದೆ ಚೆನ್ನಾಗಿಯೇ ಬಂದಿತ್ತು. ಬೆಳಿಗ್ಗೆ ಎದ್ದರೆ ಪಾಸ್‌ವರ್ಡ್ ತಲೆಯಲ್ಲಿರಲಿಲ್ಲ.

ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ಸಹೋದ್ಯೋಗಿಗಳು ಬೆನ್ನ ಹಿಂದೆ ಅವನನ್ನು ಚಿಲಕ ಎನ್ನುತ್ತಿದ್ದರು; ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಬಹುಮಾನ ಬಂದಿದೆ ಎಂಬ ಮೇಲ್ ತೆರೆದು ಕೈ ಸುಟ್ಟುಕೊಂಡವರೆಲ್ಲ ಅವನ ಹತ್ತಿರವೇ ಓಡಿ ಬರುತ್ತಿದ್ದರು. ಅವನ ಮನೆಯ ಕಂಪ್ಯೂಟರಿಗೆ ಈವರೆಗೆ ಒಂದು ವೈರಸ್ಸೂ ಬಂದಿರಲಿಲ್ಲ. ಮನೆಗೆ ನೆಂಟರೂ ಅಷ್ಟಾಗಿ ಬರುತ್ತಿರಲಿಲ್ಲ. ಕ್ಯಾಮೆರಾದ ಮೇಲೆ ಕಪ್ಪು ಟೇಪು ಅಂಟಿಸಿದ್ದ. ಹೆಂಡತಿ ಏನಾದರೂ ನೋಡಬೇಕೆಂದರೆ ‘ಅತಿಥಿ’ ಎಂಬ ಬೇರೆ ಖಾತೆಯಿಂದ ಒಳಗೆ ಹೋಗಬೇಕಿತ್ತು.

"ಏನಾಯ್ತು?" ಅವಳು ಬಾಗಿಲಲ್ಲಿ ನಿಂತಿದ್ದಳು.

"ಏನಿಲ್ಲ."

"ಇನ್ನೇನು ತಮ್ಮ ಬಂದುಬಿಡ್ತಾನೆ ರೀ. ಅಮ್ಮನ ದನಿ ಕೇಳಬೇಕು ಅಂತಾನೇ ಬರ್ತಿರೋದು."

"ಗೊತ್ತು."

ತೀರಿಕೊಳ್ಳುವ ಮೊದಲು ಅತ್ತೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಗಳ ಫೋನು ಹಿಡಿದು ಏನೇನೋ ಮಾತಾಡಿ ರೆಕಾರ್ಡ್ ಮಾಡಿಟ್ಟಿದ್ದರು. ಬಯ್ಗುಳ, ನಗು, ಮಗನಿಗೆಂದೇ ನಾಲ್ಕು ಮಾತು. ಮಗ ದೂರದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಷ್ಟು ದಿನ ಆ ದನಿ ಕೇಳುವ ಧೈರ್ಯವಿಲ್ಲ ಎನ್ನುತ್ತಿದ್ದವನು ಇವತ್ತು ಹೊರಟಿದ್ದ. ಫೋನು ಬಿದ್ದುಹೋದರೆ ಕಂಡವರ ಪಾಲಾಗುತ್ತದೆ ಎಂದು ಅಳಿಯನೇ ಅದನ್ನೆಲ್ಲ ಕಂಪ್ಯೂಟರಿಗೆ ಸಾಗಿಸಿ, ಫೋನಿನಿಂದ ಅಳಿಸಿದ್ದ. ಇನ್ನೊಂದು ಪ್ರತಿ ಇಟ್ಟಿರಲಿಲ್ಲ. ಪ್ರತಿ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದಿದ್ದ.

ಪರದೆ ಈಗ ಬೇರೆ ಮಾತಾಡಿತು. ಪಾಸ್‌ವರ್ಡ್ ಮರೆತಿದ್ದರೆ ಮೂರು ಪ್ರಶ್ನೆಗಳಿಗೆ ಉತ್ತರಿಸಿ. ಉತ್ತರ ತಪ್ಪಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಕಳ್ಳರಿಗೆಂದು ಈ ಏರ್ಪಾಟು ಮಾಡಿಟ್ಟವನು ಅವನೇ.

ನಿಮ್ಮ ಇಷ್ಟದ ತರಕಾರಿ ಯಾವುದು?

"ಬೆಂಡೆಕಾಯಿ," ಎಂದಳು ಹೆಂಡತಿ, ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುತ್ತ.

"ಅದು ನಿಜ. ನಿಜ ಹಾಕಬಾರದು. ಯಾರು ಬೇಕಾದ್ರೂ ಪತ್ತೆ ಹಚ್ತಾರೆ."

"ಮತ್ತೆ?"

"ಸುಳ್ಳು ಹಾಕಿದ್ದೀನಿ. ಎಲ್ಲದಕ್ಕೂ."

"ಯಾವ ಸುಳ್ಳು?"

ಅವನು ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದ.

"ಅಯ್ಯೋ, ನಿಮ್ಮ ಬುದ್ಧಿಗಿಷ್ಟು!" ಎಂದಳು. "ಮೂಲಂಗಿ ಹಾಕಿ. ಬೇಯೋ ವಾಸನೆಗೇ ಮನೆ ಬಿಟ್ಟು ಓಡ್ತೀರಲ್ಲ."

ಅವನು ಮೂಲಂಗಿ ಎಂದು ಹೊಡೆದ. ಸರಿ, ಎಂದಿತು ಕಂಪ್ಯೂಟರ್.

ಇಷ್ಟದ ಬಣ್ಣ?

"ಕಂದು. ಮದುವೆಯಾದ ಹೊಸದರಲ್ಲಿ ನಾನು ತಂದ ಕಂದು ಅಂಗಿನ ಇವತ್ತಿಗೂ ಮೈಗೆ ಹಾಕಿಲ್ಲ ನೀವು."

ಅದೂ ಸರಿ.

ಅವನಿಗೆ ಭಯವಾಯಿತು. ವೈರಸ್ಸು, ನಕಲಿ ಮೇಲು, ಕದ್ದು ನೋಡುವ ಕಣ್ಣು, ಎಲ್ಲಕ್ಕೂ ಗೋಡೆ ಕಟ್ಟಿದ್ದ. ಇವಳು ಕೂತಲ್ಲಿಂದಲೇ ಎರಡು ಗೋಡೆ ದಾಟಿ ಬಂದಿದ್ದಳು. ಅವಳೋ ನಗುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ಒಂದು ಕೆಲಸ ಮಾಡುತ್ತಿದ್ದರು.

ನಿಮಗೆ ಅತ್ಯಂತ ಪ್ರಿಯರಾದ ವ್ಯಕ್ತಿ ಯಾರು?

"ಇದಕ್ಕೇನು ಹಾಕಿದ್ರಿ?"

"ನೆನಪಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ ಕಣೇ."

"ಸುಳ್ಳೇ ತಾನೇ?"

"ಹೂಂ."

ಅವಳು ಪರದೆಯನ್ನೇ ನೋಡುತ್ತ ಕೂತಳು. "ಮೂಲಂಗಿ. ಕಂದು ಬಣ್ಣ. ಹಾಗಾದ್ರೆ ನನ್ನ ಹೆಸರು ಹಾಕಿ."

"ಏನೇನೋ ಮಾತಾಡಬೇಡ. ಪ್ರಿನ್ಸಿಪಾಲರ ಹೆಸರಿರಬಹುದು."

"ಇರಬಹುದಾ?"

"ಇರಬಹುದು."

"ಇರಬಹುದು ಅಂದ್ಕೊಂಡು ನಮ್ಮಮ್ಮನ್ನ ಅಳಿಸಿಬಿಡ್ತೀರಾ?"

"ನಾಳೆ ನೋಡೋಣ."

"ನಾಳೆ ನೆನಪಾಗುತ್ತಾ?"

ಅವಳ ಹೆಸರು ಸರಿಯಾದರೆ ಅತ್ತೆಯ ದನಿ ಉಳಿಯುತ್ತದೆ, ಅವಳು ಪ್ರಿಯಳಲ್ಲ ಎಂಬುದು ಅವಳೆದುರೇ ಸಾಬೀತಾಗುತ್ತದೆ. ತಪ್ಪಾದರೆ ದನಿ ಹೋಗುತ್ತದೆ, ಬದಲಿಗೆ ಏನೂ ಸಾಬೀತಾಗುವುದಿಲ್ಲ. ತರಗತಿಯಲ್ಲಾಗಿದ್ದರೆ ಬೋರ್ಡಿನ ಮೇಲೆ ಬರೆದು, ಬೇರೆ ದಾರಿ ಇದೆಯೇ ಎಂದು ಕೇಳುತ್ತಿದ್ದ. ಈ ಪ್ರಶ್ನೆಯನ್ನು ಎಂದೋ ಒಮ್ಮೆ ಇದೇ ಕುರ್ಚಿಯಲ್ಲಿ ಕೂತು ಓದಿದ್ದ. ಆಗ ಮೊದಲು ಹೊಳೆದ ನಿಜ ಯಾವುದು, ಅದನ್ನು ಮುಚ್ಚಲು ಆರಿಸಿಕೊಂಡ ಸುಳ್ಳು ಯಾವುದು? ಸುಳ್ಳು ಮರೆತದ್ದು ಹಾಳಾಗಲಿ, ನಿಜವೂ ನೆನಪಿಗೆ ಬರಲಿಲ್ಲ. ಅವನಿಗೆ ಅಳು ಬರುವಂತಾಯಿತು.

ಕರೆಗಂಟೆ ಸದ್ದು ಮಾಡಿತು.

ಅವಳು ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು, ಟಪಟಪನೆ ಹೊಡೆದು, ವಾಪಸು ಅವನ ಮುಂದಿಟ್ಟಳು.

"ಇನ್ನು ಎಂಟರ್ ನೀವೇ ಒತ್ತಿ. ನಾನು ನೋಡಲ್ಲ," ಎಂದು ಎದ್ದುಹೋದಳು.

ಹೊರಗೆ ಹಾಲ್‌ನಲ್ಲಿ ಚಪ್ಪಲಿ ಬಿಡುವ ಸದ್ದು. "ಭಾವ ಎಲ್ಲಿ ಅಕ್ಕಾ?"

"ಒಳಗಿದ್ದಾರೆ. ಈಗ ತೆಗೀತಾರೆ ಕೂತ್ಕೋ."

"ಅಮ್ಮ ಮೊದಲು ಏನು ಹೇಳ್ತಾಳೆ?"

"ನಿನ್ನ ಹೆಸರು ಹಿಡಿದು ಕರೀತಾಳೆ."

ಅವನ ಬೆರಳು ಕೀಲಿಯ ಮೇಲೆಯೇ ಇತ್ತು. ಗುಟ್ಟಿನ ಉತ್ತರವೆಂದು ಪರದೆ ಅಕ್ಷರಗಳನ್ನು ತೋರಿಸುತ್ತಿರಲಿಲ್ಲ. ಅವಳ ಹೆಸರು ಒಂದು ಸಾಲು ಕಪ್ಪು ಚುಕ್ಕೆಗಳಾಗಿ ಅವನ ಮುಂದೆ ನಿಂತಿತ್ತು. ಯಾರ ಹೆಸರು ಹೊಡೆದಿದ್ದರೂ ಹಾಗೇ ಕಾಣುತ್ತಿತ್ತು.