ಒಂದು ಮೂಲೆ ಬಿಟ್ಟ ಕೌದಿ

ಗುಲಾಬಸಾಬನ ಕೈ ಒಂದು ಕಸುಬಿನಲ್ಲಿ ನಿಂತದ್ದೇ ಇಲ್ಲ. ನಾಟಕ ಕಂಪನಿಗೆ ಪರದೆ ಬರೆದ, ಮೊಹರಮ್ಮಿಗೆ ತಾಬೂತು ಕಟ್ಟಿದ, ಮದುವೆಗಳಲ್ಲಿ ಸನಾದಿ ಊದಿದ. ಟಾಕಿ ಸಿನಿಮಾ ಬಂದು ಕಂಪನಿಗಳು ಬಾಗಿಲು ಹಾಕತೊಡಗಿದ ಮೇಲೆ, ಉಳಿದ ಹಳೆಯ ಪರದೆಗಳನ್ನೆಲ್ಲ ಹರಿದು, ಅಂಟಿಸಿ, ಹೊಲಿದು ಏನೇನೋ ಮಾಡಿದ. ಅದಕ್ಕೆ ‘ಪ್ರದರ್ಶನ’ ಎಂದು ದೊಡ್ಡ ಹೆಸರಿಟ್ಟು ಹುಬ್ಬಳ್ಳಿಯಲ್ಲಿ ಹಿಂದೆ ಹತ್ತಿ ತುಂಬಿಡುತ್ತಿದ್ದ ಖಾಲಿ ವಖಾರವೊಂದರಲ್ಲಿ ತೂಗುಹಾಕಿದ. ಕಮರಿಪೇಟೆಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವನ ಹೆಂಡತಿ ಮದೀನಾಬಿ ನಗಲಿಲ್ಲ. ಆಕೆಯ ಪೆಟ್ಟಿಗೆಯಲ್ಲಿದ್ದ ಕೌದಿಯನ್ನೂ ಆ ಪುಣ್ಯಾತ್ಮ ಒಂದು ಮಾತು ಕೇಳದೆ ಅಲ್ಲಿಗೆ ಒಯ್ದಿದ್ದ. ಮಗಳಿಗೆಂದು, ಮಗಳ ಹಳೆಯ ಲಂಗ ಕುಪ್ಪಸಗಳ ತುಂಡು ಕೂಡಿಸಿ ಹೊಲಿಯುತ್ತಿದ್ದ ಕೌದಿ ಅದು. ಇನ್ನು ಒಂದೇ ಮೂಲೆ ಉಳಿದಿದೆ ಎನ್ನುವಾಗ ಜ್ವರ ಬಂದು ಹುಡುಗಿ ಹೋಗಿಬಿಟ್ಟಳು. ಅಂದಿನಿಂದ ಆ ತಾಯಿ ಮಗಳ ಹೆಸರನ್ನೇ ಎತ್ತಿಲ್ಲ. ಅಂಥದ್ದನ್ನು ಕಂಡಕಂಡವರ ಮುಂದೆ ತೂಗುಹಾಕುವುದೇ? ಕಿತ್ತುಕೊಂಡೇ ಬರುತ್ತೇನೆಂದು ಮಧ್ಯಾಹ್ನದ ಬಿಸಿಲಲ್ಲಿ ಹೊರಟಳು.

ವಖಾರದೊಳಗೆ ಕಾಲಿಟ್ಟಾಗ ಪೇಟೆಯ ಗದ್ದಲ ಹಿಂದೆಯೇ ಉಳಿಯಿತು. ಎಂದಿನದೋ ಹತ್ತಿಯ ಎಳೆಗಳು ಬೆಳಕಿನಲ್ಲಿ ಮೆಲ್ಲಗೆ ತೇಲುತ್ತಿದ್ದವು. ಪರದೆಯ ಅರಮನೆಗೆ ಅಭ್ರಕದ ಚಂದ್ರ, ಅದರ ಕೆಳಗೆ ಬಳೆಚೂರುಗಳ ಹೊಳೆ, ಹೊಳೆಯ ದಂಡೆಗೆ ಬಿದಿರುಕಡ್ಡಿ ಮತ್ತು ಬಣ್ಣದ ಕಾಗದದ ಪುಟ್ಟ ಮನೆಗಳು. ಗಾಳಿ ಬಂದಾಗಲೆಲ್ಲ ಆ ಊರು ಉಸಿರಾಡಿದಂತೆ ಅಲುಗುತ್ತಿತ್ತು. ತಾನು ನಡೆಯುತ್ತಿದ್ದೇನೋ ನಿದ್ದೆಯಲ್ಲಿದ್ದೇನೋ ಮದೀನಾಬಿಗೆ ತಿಳಿಯಲಿಲ್ಲ. ಈ ಮನುಷ್ಯನ ತಲೆಯಲ್ಲಿ ಇಷ್ಟೆಲ್ಲ ಇತ್ತೇ ಎಂದು ಸಿಟ್ಟಿನಲ್ಲೂ ಬೆರಗಾದಳು.

ಆ ಕಾಗದದ ಊರಿನ ಮೇಲೆ, ಮಲಗಿದವರಿಗೆ ಹೊದಿಸಿದ ಹಾಗೆ, ಕೌದಿ ಇಳಿಬಿದ್ದಿತ್ತು. ಕಾಯಿಪಲ್ಲೆ ಬುಟ್ಟಿ ಕೆಳಗಿಟ್ಟ ಹೆಂಗಸೊಬ್ಬಳು ಅದರ ಹೊಲಿಯದ ಮೂಲೆಯೊಳಗೆ ಏನನ್ನೋ ತುರುಕುತ್ತಿದ್ದಳು.

ಗುಲಾಬಸಾಬ ಓಡಿ ಬಂದ. “ಯವ್ವಾ, ಮುಟ್ಟಬ್ಯಾಡ್ರಿ! ಅದು ಚಿತ್ರ ಐತ್ರಿ!”

“ಎಲ್ಲೀ ಚಿತ್ರಪಾ, ಕೌದಿ ಐತಿ ಇದು,” ಎಂದಳು ಆ ಹೆಂಗಸು. “ಮೂಲಿ ಮುಚ್ಚೂಕಿಂತ ಮೊದಲ ಒಂದು ತುತ್ತು ರೊಟ್ಟಿ ಇಡಬೇಕು. ಕೌದಿ ಹಸದಿತ್ತಂದ್ರ ಹೊಚಗೊಂಡವ್ರಿಗೆ ನಿದ್ದಿ ಹತ್ತೂದಿಲ್ಲ. ಅಷ್ಟೂ ಗೊತ್ತಿಲ್ಲೇನು ನಿನಗ?”

ಗುಲಾಬಸಾಬ ಹೆಂಡತಿಯನ್ನು ಕಂಡು ಪೆಚ್ಚಾದ. “ಬಂದವರೆಲ್ಲಾ ಹಿಂಗ ಮಾಡಾಕತ್ತಾರ,” ಎಂದ. “ತಗದು ಚೆಲ್ಲಬೇಕಂತೇನಿ, ಕೈ ಬರವಲ್ದು.”

ಮದೀನಾಬಿ ಮೂಲೆಯೊಳಗೆ ಕೈ ಹಾಕಿದಳು. ಒಣಗಿದ ರೊಟ್ಟಿಯ ಚೂರುಗಳು, ಬೆಲ್ಲದ ಹರಳು, ಯಾರೋ ಇಟ್ಟ ಒಂದು ಖರ್ಜೂರ. ತಾನು ಇಡಲಾರದೆ ಹೋದದ್ದನ್ನು ಗುರುತು ಪರಿಚಯ ಇಲ್ಲದವರು ಇಟ್ಟು ಹೋಗಿದ್ದರು.

“ಯಾವ ಕೂಸಿಂದವಾ ಇದು?” ಎಂದು ಹೆಂಗಸು ಕೇಳಿದಳು.

“ಜೈತುನಂದು,” ಎಂದಳು ಮದೀನಾಬಿ. “ನಮ್ಮ ಜೈತುನಂದು.” ಆಮೇಲೆ ತಡೆಯಲಾಗದೆ ಅತ್ತಳು. ಆ ಹೆಂಗಸು ಆಕೆಯ ಬೆನ್ನು ಸವರಿದಳು.

ಬಹಳ ಹೊತ್ತಿನ ಮೇಲೆ ಗುಲಾಬಸಾಬ ಕೌದಿಯ ಹಗ್ಗಕ್ಕೆ ಕೈ ಹಚ್ಚಿದ. “ತಪ್ಪಾತು. ಇಳಿಸಿ ಕೊಡ್ತೇನಿ, ಮನಿಗೆ ಒಯ್ಯಿ.”

ಮದೀನಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕೈ ಹಿಡಿದಳು.

“ಬ್ಯಾಡ್ರಿ, ಇಲ್ಲೇ ಇರಲಿ. ಪೆಟ್ಟಿಗ್ಯಾಗ ಅಕಿಗೆ ಉಣ್ಣಾಕ ಕೊಡವ್ರು ಯಾರೂ ಇರಲಿಲ್ಲ.”