ಸ್ಟಿಕ್ಕರ್ ಶನಿ

ನನಗೆ ಶನಿ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಹಿಡಿಸಿದವಳು ನನ್ನ ಅಕ್ಕ ಲೆಂಪಿ.

ಎಂಟು ತಿಂಗಳು ನೆಲಮಾಳಿಗೆಯಲ್ಲಿ ಕೂತು, ಗಾಜಿನ ಮೇಲೆ ಗಾಜು ಉಜ್ಜಿ ಉಜ್ಜಿ, ಎಂಟು ಅಂಗುಲದ ಕನ್ನಡಿ ಮಾಡಿ, ನನ್ನ ಕೈಯಾರೆ ದೂರದರ್ಶಕ ಕಟ್ಟಿದ್ದೆ. ಆ ಚಳಿಗಾಲದಲ್ಲಿ ಶನಿಯ ಬಳೆಗಳು ಅಗಲವಾಗಿ ತೆರೆದುಕೊಂಡಿದ್ದವು. ಮೊದಲು ಲೆಂಪಿಗೇ ತೋರಿಸಿದೆ. ಅವಳು ಒಂದು ಕ್ಷಣ ಕಣ್ಣಿಟ್ಟಳು, ತಲೆಯೆತ್ತಿದಳು, ಸೀದಾ ಕೊಳವೆಯ ಬಾಯೊಳಗೆ ಕೈ ಹಾಕಿ ತಡಕಾಡಿದಳು. ಅವಳ ಉಣ್ಣೆಯ ಕೈಗವಸು ಕಳಚಿ ತಳದಲ್ಲಿದ್ದ ನನ್ನ ಕನ್ನಡಿಯ ಮೇಲೆ ಬಿತ್ತು.

“ಎಲ್ಲಿ ಅಂಟಿಸಿದೀಯೇ ಸ್ಟಿಕ್ಕರು?” ಅಂದಳು.

ಲೇಬಲ್ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಮೂವತ್ತು ವರ್ಷ ದುಡಿದವಳು. ಅಷ್ಟು ಚೆಂದವಾಗಿದೆ ಅಂದಮೇಲೆ ಅದು ಯಾವುದೋ ಅಚ್ಚಿನಿಂದಲೇ ಬಂದಿರಬೇಕು ಎಂಬುದು ಅವಳ ತೀರ್ಮಾನ. ನಾನು ಎಷ್ಟು ಬಾಯಿ ಬಡಿದುಕೊಂಡರೂ ಮತ್ತೆ ಕಣ್ಣಿಡಲಿಲ್ಲ.

ಅಂದಿನಿಂದ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಟರ್ಕಿ ಕೋಳಿಯ ಜೊತೆಗೆ ನನ್ನನ್ನೂ ಕೊಯ್ಯುತ್ತಾರೆ. ಸರೋವರದ ದಡದ ನಮ್ಮ ಡುಲೂತ್ ಊರಿನ ನೆಂಟರ ಮಕ್ಕಳಿಗೆಲ್ಲ ನಾನು ಸ್ಟಿಕ್ಕರ್ ಚಿಕ್ಕಿ. ಎಲ್ಲರ ಜೊತೆ ನಾನೂ ನಗುತ್ತೇನೆ, ಒಳಗೆ ಮಾತ್ರ ಉರಿಯುತ್ತದೆ. ಲೆಂಪಿಯ ಬಾಯಿಂದಲೇ ‘ನಿಜ’ ಅನ್ನಿಸಬೇಕು ಎಂಬುದೊಂದೇ ನನ್ನ ಹಟ. ಅಷ್ಟರಲ್ಲಿ ಅವಳ ಎರಡು ಕಣ್ಣಿಗೂ ಪೊರೆ ಬಂತು. ಈ ಶರತ್ಕಾಲದಲ್ಲಿ ಬಲಗಣ್ಣಿನದು ತೆಗೆಸಿಕೊಂಡಳು. ಎಡಗಣ್ಣಿನದು ಬೇಡವಂತೆ, ಟೀವಿ ನೋಡುವುದಕ್ಕೆ ಒಂದೇ ಸಾಕಂತೆ.

ಹಬ್ಬದ ಹಿಂದಿನ ದಿನ ಅವಳೇ ಫೋನ್ ಮಾಡಿದಳು. ಕಣ್ಣು ಈಗ ಹದ್ದಿನ ಹಾಗಿದೆ, ಇವತ್ತೇ ನಿನ್ನ ಸ್ಟಿಕ್ಕರ್ ತೋರಿಸು ಅಂದಳು. ಹದಿನೈದು ವರ್ಷಕ್ಕೊಮ್ಮೆ ಶನಿಯ ಬಳೆಗಳು ನಮ್ಮ ಕಡೆಗೆ ಬರೀ ಅಂಚನ್ನು ತಿರುಗಿಸುತ್ತವೆ, ಕಂಡರೆ ಕಂಡಾವು, ಇಲ್ಲದಿದ್ದರೆ ಇಲ್ಲ. ಅದು ಇದೇ ವಾರವೇ ಆಗಬೇಕೆ? ಎರಡು ವರ್ಷ ಬಿಟ್ಟು ಬಾ ಎಂದು ಬೇಡಿಕೊಂಡೆ.

“ನಾನು ಬರೋ ದಿನಾನೇ ಬಳೆ ಕಳ್ದೋಯ್ತಾ?” ಅಂದಳು. “ಎಪ್ಪತ್ತೇಳು ಕಣೇ ನಂಗೆ. ಆರು ಗಂಟೆಗೆ ಬರ್ತೀನಿ.”

ಕನ್ನಡಿ ಹೊರಗಿನ ಚಳಿಗೆ ಹೊಂದಿಕೊಳ್ಳದಿದ್ದರೆ ಶನಿ ಕುದಿಯುವ ನೀರಿನಲ್ಲಿ ಬಿದ್ದಂತೆ ಕಾಣುತ್ತದೆ. ಐದಕ್ಕೇ ದೂರದರ್ಶಕವನ್ನು ಹಿತ್ತಲಿನಲ್ಲಿಟ್ಟೆ. ಸರೋವರದ ಗಾಳಿ ನಿಂತಿತ್ತು. ಆರಕ್ಕೆ ಹತ್ತು ನಿಮಿಷವಿರುವಾಗ ನಾನೇ ಮೊದಲು ಕಣ್ಣಿಟ್ಟೆ.

ಇತ್ತು! ದುಂಡಗಿನ ಹಳದಿ ಕಾಳು, ಅದನ್ನು ಅಡ್ಡಲಾಗಿ ಚುಚ್ಚಿಕೊಂಡು ಹೋದ ಸೂಜಿಯಂಥ ಬೆಳಕಿನ ಗೆರೆ. ಅದೇ ಗೆರೆಯ ನೇರಕ್ಕೆ ಶನಿಯ ಎರಡು ಚಂದ್ರ. ಹಿಂದಿನ ಸಲ ಹೀಗಾದಾಗ ಶನಿ ಸೂರ್ಯನ ಪಕ್ಕದಲ್ಲೇ ಇದ್ದುದರಿಂದ ನೋಡಲಾಗಿರಲಿಲ್ಲ. ನನಗೆ ಎಪ್ಪತ್ತೊಂದು ವಯಸ್ಸು. ಖುಷಿಗೆ ಏನು ಮಾಡಬೇಕೋ ತೋಚದೆ ಹಿಮದ ಮೇಲೆ ನಿಂತಲ್ಲೇ ಕುಣಿದೆ.

ಲೆಂಪಿ ಕಾರಿನ ದೀಪವನ್ನು ಸೀದಾ ನನ್ನ ಕಣ್ಣಿಗೇ ಹಾಯಿಸಿಕೊಂಡು ಬಂದಳು. ಬೈದು ಆರಿಸಿದೆ. ಅವಳು ಮೊದಲು ಕೊಳವೆಯ ಬಾಯೊಳಗೆ ಬಗ್ಗಿ ಪರೀಕ್ಷಿಸಿದಳು, ಆಮೇಲೆ ಕಣ್ಣಿಟ್ಟು ಬಿಸಿ ಉಸಿರು ಬಿಟ್ಟಳು. ಮಸೂರದ ಮೇಲೆ ಮಂಜು ಕೂತಿತು.

“ಈಗ ಶನಿನೂ ಕಳ್ದೋಯ್ತು,” ಅಂದಳು.

ಒರೆಸಿಕೊಟ್ಟು, ಉಸಿರು ಬಿಗಿಹಿಡಿದು ನೋಡು ಅಂದೆ. ನೋಡಿದಳು. ನೋಡುತ್ತಲೇ ಇದ್ದಳು. ಶನಿ ನೋಟದಿಂದ ಜಾರಿದಾಗಲೆಲ್ಲ ನಾನು ಕೊಳವೆಯನ್ನು ಕೂದಲೆಳೆಯಷ್ಟು ತಳ್ಳಿದೆ. ನಾಳೆಯ ಊಟಕ್ಕೆ ಹೊಸ ಗೇಲಿ ತಯಾರಾಗುತ್ತಿದೆ ಎಂದೇ ಅಂದುಕೊಂಡೆ.

“ಐಲಿ, ಇದು ಸ್ಟಿಕ್ಕರ್ ಅಲ್ಲ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಯಾಕೆ ಎಂದು ಕೇಳಿದೆ.

“ಇಷ್ಟು ಕಳಪೆ ಮಾಲು ಯಾರಾದ್ರೂ ಅಚ್ಚು ಹಾಕ್ತಾರಾ? ಬಳೆ ಅಂತ ಹೇಳಿ ಬರೀ ಗೆರೆ ಕೊಟ್ರೆ ಗಿರಾಕಿ ಮುಖಕ್ಕೆ ಎಸೀತಾನೆ. ಮೋಸ ಮಾಡೋಳು ಚೆಂದವಾಗಿ ಮಾಡ್ತಾಳೆ ಕಣೇ. ಇದು ನಿಜ.”

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ದಪ್ಪ ಕೋಟುಗಳ ನಡುವೆ ಸಿಕ್ಕಿಕೊಂಡು ಇಬ್ಬರೂ ನಕ್ಕೆವು. ನಾಳೆ ಎಲ್ಲರೆದುರು ಈ ಮಾತು ಹೇಳಬೇಕು ಎಂದು ಆಣೆ ಹಾಕಿಸಿಕೊಂಡೆ. ಹೇಳ್ತೀನಿ ಅಂದವಳ ನಗು ತಟ್ಟನೆ ನಿಂತಿತು.

“ಹಾಗಾದ್ರೆ ಅವತ್ತು ನೋಡಿದ್ದೂ ನಿಜಾನಾ?”

“ನಿಜ.”

“ಅಷ್ಟು ಚೆಂದ ಇತ್ತು. ನಾನು ಸರಿಯಾಗಿ ನೋಡ್ಲೇ ಇಲ್ವಲ್ಲೇ.”

ಇಷ್ಟು ವರ್ಷ ನನ್ನ ಉರಿಯನ್ನೇ ನಾನು ಊದಿಕೊಂಡು ಕೂತಿದ್ದೆ, ಅವಳು ಏನು ಕಳೆದುಕೊಂಡಳೆಂದು ಒಮ್ಮೆಯೂ ಯೋಚಿಸಿರಲಿಲ್ಲ. ವರ್ಷ ವರ್ಷವೂ ಬಳೆಗಳು ಚೂರು ಚೂರೇ ತೆರೆದುಕೊಳ್ಳುತ್ತವೆ, ಏಳು ವರ್ಷಕ್ಕೆ ಅವತ್ತಿನಷ್ಟೇ ಅಗಲವಾಗುತ್ತವೆ ಎಂದು ಅವಸರದಲ್ಲಿ ಹೇಳಿದೆ. ಅವಳು ಕೈಗವಸಿನೊಳಗೇ ಬೆರಳು ಮಡಿಸಿ ತನ್ನ ವಯಸ್ಸನ್ನು ಲೆಕ್ಕಹಾಕಿದಳು. ಎಂಬತ್ತನಾಲ್ಕು.

ಮತ್ತೆ ಬಗ್ಗಿ, ಉಸಿರು ಬಿಗಿಹಿಡಿದು, ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

“ಸೋಮವಾರ ಡಾಕ್ಟರಿಗೆ ಫೋನ್ ಮಾಡ್ಬೇಕು ಕಣೇ,” ಅಂದಳು. “ಆ ಎಡಗಣ್ಣಿನ ಪೊರೆನೂ ತೆಗೆಸ್ಬಿಡೋಣ.”